ಕುಪ್ಪುಸ್ವಾಮಿ ಓಡುವುದಿಲ್ಲ

ಕುಪ್ಪುಸ್ವಾಮಿಯನ್ನು ಆಟದಿಂದ ತೆಗೆದುಬಿಡೋಣ ಎಂದು ವೆಂಕಿ ಹೇಳಿದಾಗ ಸುಮಿತಾಳ ಬಾಯಿ ತುಂಬ ಪಾನಿಪುರಿ ಇತ್ತು. ಹಾಗಾಗಿ ಬೈಗುಳ ಸ್ವಲ್ಪ ತಡವಾಗಿ ಬಂತು. ಅಗಿದು, ನುಂಗಿ, ದುಪಟ್ಟಾದಿಂದ ಬಾಯಿ ಒರೆಸಿಕೊಂಡು ಆಮೇಲೆ ಬೈದಳು.

"ಡೇಯ್, ಅದು ನಮ್ ತಾತಾಡಾ! ತೆಗಿಯೋಕೆ ಅದೇನ್ ಹುಳುಕು ಹಲ್ಲಾ?"

"ತಾತ ಆದ್ರೇನಕ್ಕಾ? ಮೂರ್ ಭಾನುವಾರ ಆಯ್ತು. ಒಬ್ರಾದ್ರೂ ಎರಡ್ನೇ ಸಲ ಆ ತಾತನ್ನ ಆರಿಸ್ಕೊಂಡವ್ರಾ? ಒಂದ್ಸಲ ತಗೋತಾರೆ, ಒದೆ ತಿಂತಾರೆ, ಬುಟ್ಟೋಗ್ತಾರೆ. ಚಲಪತಣ್ಣ, ನೀನೇ ಯೋಳು."

ಚಲಪತಣ್ಣ ಅಂದರೆ ನಾನು. ವೆಂಕಿಯ ಮಾತು ನಿಜವಾಗಿತ್ತು.

ಬಂಗಾರಪೇಟೆ ಸ್ಟೇಷನ್ ರಸ್ತೆಯಲ್ಲಿ ನನ್ನದೊಂದು ಮೊಬೈಲ್ ರಿಪೇರಿ ಅಂಗಡಿ. ಹತ್ತನೇ ಕ್ಲಾಸು ಮುಗಿದ ಮೇಲೆ ಬಿಚ್ಚುತ್ತ, ಜೋಡಿಸುತ್ತ, ಸುಟ್ಟುಕೊಳ್ಳುತ್ತ ಕೆಲಸ ಕಲಿತವನು ನಾನು. ಟಿವಿಯಲ್ಲಿ ಆಡುವ ಆಟ ಕಟ್ಟುವುದನ್ನೂ ಹಾಗೆಯೇ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ ವಿಡಿಯೊ ನೋಡಿ ಕಲಿತೆ. ಸುಮಿತಾ ಹಳೆಯ ಚಿನ್ನದ ಗಣಿಯ ಊರು ಕೋರಮಂಡಲ್‌ನವಳು, ಮನೆಮಾತು ತಮಿಳು, ರಾಬರ್ಟ್‌ಸನ್‌ಪೇಟೆಯ ಒಂದು ಅಂಗಡಿಯಲ್ಲಿ ಹುಟ್ಟುಹಬ್ಬದ ಫ್ಲೆಕ್ಸು, ಗೃಹಪ್ರವೇಶದ ಫ್ಲೆಕ್ಸು ಡಿಸೈನ್ ಮಾಡುತ್ತಾಳೆ. ಭಾನುವಾರ ರೈಲು ಹತ್ತಿ ಬಂದು ನಮ್ಮ ಆಟಕ್ಕೆ ಚಿತ್ರ ಬರೆಯುತ್ತಾಳೆ. ವೆಂಕಿ ಪಕ್ಕದ ಜೆರಾಕ್ಸ್ ಅಂಗಡಿಯವನು. ಅವನ ಹೆಬ್ಬೆರಳಿನಷ್ಟು ಚುರುಕಾದ ಹೆಬ್ಬೆರಳು ಈ ಊರಲ್ಲಿ ಇನ್ನೊಂದಿಲ್ಲ. ಆದ್ದರಿಂದ ನಾವು ಕಟ್ಟಿದ್ದನ್ನು ಆಡಿ, ಹಾಳು ಮಾಡಿ, ತಪ್ಪು ಹುಡುಕುವ ಕೆಲಸ ಅವನದು. ಭಾನುವಾರ ಅಂಗಡಿಗೆ ಬಂದವರ ಕೈಗೂ ಆಟದ ರಿಮೋಟು ಕೊಟ್ಟು ಆಡಿಸಿ ನೋಡುತ್ತೇವೆ.

ಆಟದ ಹೆಸರು 'ಕೋಲಾರ ಕಾಳಗ'. ಪರದೆಯ ಮೇಲೆ ಇಬ್ಬರು, ಹಿಂದೆ ಗಣಿಯ ಕಸ ಸುರಿದು ಎದ್ದ ಸೈನೈಡ್ ಗುಡ್ಡ, ತಲೆಯ ಮೇಲೆ ಇಬ್ಬರ ಜೀವ ತೋರಿಸುವ ಎರಡು ಹಸಿರು ಪಟ್ಟಿ. ಯಾರ ಪಟ್ಟಿ ಮೊದಲು ಬರಿದಾಗುತ್ತದೋ ಅವರು ಸೋತಂತೆ. ಕವಣೆ ಬೀಸುವ ರಂಗಿ ಇದ್ದಾಳೆ, ದೊಣ್ಣೆಯವನಿದ್ದಾನೆ, ಒದೆಯುವವನಿದ್ದಾನೆ. ಒಟ್ಟು ಆರು ಜನ. ಏಳನೆಯವನೇ ಕುಪ್ಪುಸ್ವಾಮಿ. ಅವನು ಹೊಡೆಯುವುದಿಲ್ಲ. ಹತ್ತಿರ ಬಂದು ಹಿಡಿಯುತ್ತಾನೆ, ಎತ್ತುತ್ತಾನೆ, ಒಗೆಯುತ್ತಾನೆ. ಇಂಥವರನ್ನು ಆಟದವರು ಗ್ರಾಪ್ಲರ್ ಎನ್ನುತ್ತಾರೆ. ಒಂದು ಸಲ ಕೈಗೆ ಸಿಕ್ಕರೆ ಮುಗಿಯಿತು. ಆದರೆ ಸಿಗಬೇಕಲ್ಲ! ರಂಗಿ ದೂರದಲ್ಲಿ ನಿಂತು ಕಲ್ಲು ಬೀಸುತ್ತಾಳೆ, ಇವನು ಹಣೆ ಒಡೆಸಿಕೊಂಡು ಸಂತೆಗೆ ಬಂದ ಮುದುಕನ ಹಾಗೆ ನಡೆಯುತ್ತಾನೆ, ತಲುಪುವಷ್ಟರಲ್ಲಿ ಸತ್ತಿರುತ್ತಾನೆ.

ಸುಮಿತಾ ಅವನನ್ನು ಬರೆದದ್ದು ತನ್ನ ತಾತನನ್ನು ನೆನೆದು. ನಂದಿದುರ್ಗ ಗಣಿಯಲ್ಲಿ ಸುರಂಗದ ಸೂರಿಗೆ ಮರದ ಆಸರೆ ಕೊಡುತ್ತಿದ್ದ ಮನುಷ್ಯ. ಅಗಲವಾದ ಹೆಗಲು, ಮೊರದಂಥ ಅಂಗೈ. ತೀರಿಕೊಂಡು ನಾಲ್ಕು ವರ್ಷ. ಮನೆಯಲ್ಲಿರುವುದು ಒಂದೇ ಫೋಟೊ, ಅದರಲ್ಲೂ ಮುಂದಿನವನ ಹೆಲ್ಮೆಟ್ಟು ಅರ್ಧ ಮುಖ ಮುಚ್ಚಿದೆ. ಉಳಿದ ಅರ್ಧವನ್ನು ಅವಳು ನೆನಪಿನಿಂದ ತುಂಬಿದ್ದಳು.

"ಪಾಟಿಗೆ ಬೇರೆ ಹೇಳ್ಬಿಟ್ಟಿದೀನಿ, ತಾತಾ ಟಿವಿಲಿ ಬರ್ತಾರೆ ಅಂತ," ಎಂದಳು ಸುಮಿತಾ. ಪಾಟಿ ಅಂದರೆ ಅವಳ ಅಜ್ಜಿ, ಆ ತಾತನ ಹೆಂಡತಿ. "ದಿನಾ ಕೇಳ್ತಾರೆ, ಎಪ್ಪೊ, ಯಾವಾಗ ಅಂತ. ಈಗ ಹೋಗಿ ಏನಂತ ಹೇಳ್ಲಿ, ತಾತಾನ್ನ ಕೆಲಸದಿಂದ ತೆಗೆದ್ರು ಅಂತಾನಾ? ಒಂದ್ಸಲ ತೆಗ್ದಿದಾರೆ ಅವ್ರನ್ನ. ಗಣಿ ಮುಚ್ಚಿದಾಗ."

ವೆಂಕಿ ತಲೆ ಕೆರೆದುಕೊಂಡ. ಕೆಟ್ಟವನಲ್ಲ. "ಸರಿ ಬುಡಕ್ಕಾ. ನಾಳೆಯಲ್ಲ, ಆಚೆ ಸೋಮವಾರ ಬೆಂಗಳೂರಿನ ಆ ಗೇಮ್ ಮೇಳಕ್ಕೆ ಆಟ ಕಳಿಸ್ಬೇಕು. ಅದರ ಹಿಂದಿನ ದಿನ, ಭಾನುವಾರ, ನೋಡಾನ. ಕುಪ್ಪುಸ್ವಾಮಿನ ತಗೊಂಡು ಸೋತೋರು ಯಾರಾದ್ರೂ, ಒಬ್ರೇ ಆಗ್ಲಿ, ಮತ್ತೆ ಅವನೇ ಬೇಕು ಅಂದ್ರೆ ಇರ್ಲಿ. ಇಲ್ದಿದ್ರೆ ಆರೇ ಜನ."

ಆ ವಾರ ನಾನು ಮಾಡಿದ ತಪ್ಪು ರಿಪೇರಿಯವರು ಮಾತ್ರ ಮಾಡುವ ತಪ್ಪು. ನಮಗೆ ಏನೇ ಕೆಟ್ಟರೂ ಒಂದು ಪಾರ್ಟು ಬದಲಾಯಿಸಿದರೆ ಸರಿಹೋಗುತ್ತದೆ ಎಂಬ ನಂಬಿಕೆ. ಮರುದಿನ ಸೋಮವಾರವೇ ಕುಪ್ಪುಸ್ವಾಮಿಯ ಕೈ ಉದ್ದ ಮಾಡಿ ಸುಮಿತಾಳಿಗೆ ವಿಡಿಯೊ ಕಳಿಸಿದೆ. ಅವಳಿಂದ ಬಂದ ಉತ್ತರ: "ಇದು ತಾತಾನಾ, ಮಾವಿನಕಾಯಿ ಕೀಳೋ ದೋಟಿನಾ?" ಮಂಗಳವಾರ ಕಾಲಿನ ವೇಗ ಮೂರು ಪಟ್ಟು ಮಾಡಿದೆ. ಕುಪ್ಪುಸ್ವಾಮಿ ಆಚೆಯಿಂದ ಈಚೆಗೆ ನುಗ್ಗಿ ನಾಲ್ಕು ಸೆಕೆಂಡಿನಲ್ಲಿ ಎಲ್ಲರನ್ನೂ ಒಗೆದ. ವೆಂಕಿ ಎರಡಾಟ ಆಡಿ ರಿಮೋಟು ಕೆಳಗಿಟ್ಟ. "ಅಣ್ಣೋ, ಇದು ಆಟ ಅಲ್ಲ, ಗೂಡ್ಸ್ ರೈಲು. ಹಳಿ ಮೇಲೆ ಮಲಗಿ ಗೆಲ್ಲು ಅಂದಂಗೈತೆ."

ಸುಮಿತಾ ಫೋನಿನಲ್ಲಿ ಇನ್ನೊಂದು ಮಾತು ಹೇಳಿದಳು. "ಅಣ್ಣಾ, ತಾತಾ ಓಡ್ತಾನೇ ಇರ್ಲಿಲ್ಲ. ಗಣಿ ಒಳಗೆ ಯಾರೂ ಓಡಲ್ಲ. ಒಬ್ಬ ಓಡಿದ್ರೆ ಮಿಕ್ಕೋರೆಲ್ಲ ಏನೋ ಬಿತ್ತು ಅಂದ್ಕೊಂಡು ಓಡ್ತಾರೆ, ಅಷ್ಟೇ. ನೀವು ಯಾರನ್ನೋ ಮಾಡಿದೀರ. ನಮ್ ತಾತಾನ್ನಲ್ಲ."

ಬುಧವಾರ ಬೆಳಿಗ್ಗೆ ಆ ಮಾತನ್ನೇ ತಲೆಯಲ್ಲಿಟ್ಟುಕೊಂಡು ದೊಡ್ಡಮ್ಮನ ಊರಿಗೆ ಹೊರಟೆ. ಬಂಗಾರಪೇಟೆಯಿಂದ ಆರು ಕಿಲೋಮೀಟರು. ಅಮ್ಮಾಜಮ್ಮ ನನ್ನ ತಾಯಿಯ ಅಕ್ಕ. ನಾಲ್ಕು ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುತ್ತಾಳೆ. ನೀರಿನ ತೊಟ್ಟಿಗೆ ಬಿದ್ದಿದ್ದ ಅವಳ ಫೋನನ್ನು ಒಣಗಿಸಿ ಸರಿಮಾಡಿದ್ದೆ, ಕೊಟ್ಟು ಬರೋಣವೆಂದು ಹೋದದ್ದು.

ಹೋದರೆ ಮನೆಯ ಹಿಂದೆ ಗಲಾಟೆ. ಕಾಲುಬಾಯಿ ಜ್ವರದ ಲಸಿಕೆ ಹಾಕಲು ಶ್ರೀಧರ್ ಎಂಬ ಹುಡುಗ ಐಸ್ ಡಬ್ಬಿ ಹಿಡಿದು ಬಂದಿದ್ದ. ದೊಡ್ಡ ಹಸುಗಳೆಲ್ಲ ಹಾಕಿಸಿಕೊಂಡಿದ್ದವು. ಇನ್ನೂ ಕರು ಹಾಕದ ಒಂದು ಕಡಸು ಮಾತ್ರ ಸೂಜಿ ಕಂಡದ್ದೇ ಹಗ್ಗ ಕಿತ್ತುಕೊಂಡು, ರಾಗಿ ಕೊಯ್ದ ಬಯಲಿಗೆ ನುಗ್ಗಿತ್ತು. ಕಪ್ಪುಬಿಳಿ ಸೀಮೆತಳಿ, ಮುನ್ನೂರು ಕೆಜಿಗೆ ಕಡಿಮೆಯಿಲ್ಲ, ಮೂಗುದಾರ ಇನ್ನೂ ಹಾಕಿರಲಿಲ್ಲ.

ದೊಡ್ಡಪ್ಪ ವೆಂಕಟೇಶಪ್ಪ ಓಡುತ್ತಿದ್ದ. ಶ್ರೀಧರ್ ಓಡುತ್ತಿದ್ದ. ನನ್ನನ್ನು ಕಂಡು ದೊಡ್ಡಪ್ಪ, "ಏನ್ ನೋಡ್ತಾ ನಿಂತಿದೀಯಲಾ, ಆ ಕಡೆಯಿಂದ ಬಾ!" ಎಂದು ಕೂಗಿದ. ನಾನೂ ಓಡಿದೆ. ನಾವು ಮೂವರು ಓಡಿದಷ್ಟೂ ಅದು ಓಡಿತು. ನಾವು ನಿಂತರೆ ನಿಂತು, ಹಿಂದಿರುಗಿ ನೋಡಿ, ಬಾಲ ಎತ್ತಿ ಸಗಣಿ ಹಾಕಿತು. ಕಾಲು ಗಂಟೆಯಲ್ಲಿ ನಮ್ಮ ಮೂವರ ನಾಲಿಗೆಯೂ ಹೊರಗೆ ಬಂದಿತ್ತು.

ಆಗ ದೊಡ್ಡಮ್ಮ ಕೊಟ್ಟಿಗೆಯಿಂದ ಕೈ ತೊಳೆದುಕೊಂಡು ಹೊರಗೆ ಬಂದಳು.

"ಏನ್ರಲಾ, ಓಟದ್ ಪಂದ್ಯ ಕಟ್ಟಿದೀರಾ? ಗೆದ್ದೋರಿಗೇನು, ಕೊಡಪಾನನಾ?"

"ಅದು ಸಿಗಂಗಿಲ್ಲ ಕಣಮ್ಮಿ," ಎಂದ ದೊಡ್ಡಪ್ಪ.

"ಓಡ್ಸಿದ್ರೆ ಎಂಗ್ ಸಿಕ್ತದೆ? ಕುಂತ್ಕಳ್ರಿ ಅಲ್ಲಿ, ಮೂರೂ ಜನ. ಉಸ್ರು ಬುಡ್ಬ್ಯಾಡ್ರಿ."

ಅವಳಿಗೆ ಅರವತ್ತೆರಡು ವರ್ಷ. ತೂಕ ನಲವತ್ತೈದು ಕೆಜಿ ದಾಟಿದರೆ ಹೆಚ್ಚು. ನಾವು ಬದುವಿನ ಮೇಲೆ ಕೂತೆವು. ಅವಳು ಬರಿಗೈಯಲ್ಲಿ ಬಯಲಿಗೆ ಇಳಿದಳು. ಮುಂದಿನ ಹತ್ತು ನಿಮಿಷ ನಾನು ಕಂಡದ್ದನ್ನು ಇಷ್ಟು ದಿನವಾದರೂ ಯಾರಿಗೂ ಸರಿಯಾಗಿ ಹೇಳಲು ಬಂದಿಲ್ಲ. ಪ್ರಯತ್ನ ಮಾಡುತ್ತೇನೆ.

ಮೊದಲನೆಯದಾಗಿ, ಅವಳು ಕಡಸಿನ ಕಡೆಗೆ ನಡೆಯಲಿಲ್ಲ. ಕಡಸು ಎಲ್ಲಿಗೆ ಹೋಗಬೇಕೆಂದಿತ್ತೋ ಆ ಜಾಗಕ್ಕೆ ನಡೆದಳು. ಬಯಲಿನ ಒಂದು ಪಕ್ಕ ಕಲ್ಲುಚಪ್ಪಡಿ ನೆಟ್ಟ ಬೇಲಿ, ಇನ್ನೊಂದು ಪಕ್ಕ ಹುಲ್ಲಿನ ಮೆದೆ, ಎದುರಿಗೆ ಊರಿನ ದಾರಿ. ಅವಳು ಹೋಗಿ ಊರಿನ ದಾರಿಗೆ ಅಡ್ಡ ನಿಂತಳು, ಅಷ್ಟೆ. ಕೈ ಎರಡೂ ಸ್ವಲ್ಪ ಅಗಲ. ಕೂಗಲಿಲ್ಲ, ಹೋ ಅನ್ನಲಿಲ್ಲ. ಕಡಸು ತಲೆ ಎತ್ತಿತು. ಅವಳು ಒಂದು ಹೆಜ್ಜೆ ಇಟ್ಟಳು, ನಿಂತಳು. ಕಡಸು ಒಂದು ಹೆಜ್ಜೆ ಹಿಂದೆ ಸರಿಯಿತು.

ಮುಟ್ಟಿಲ್ಲ. ಹೊಡೆದಿಲ್ಲ. ಇಬ್ಬರ ನಡುವೆ ಇಪ್ಪತ್ತು ಗಜ ಇತ್ತು. ಆದರೂ ಅದು ಹಿಂದೆ ಸರಿಯಿತು!

ಕಡಸು ಎಡಕ್ಕೆ ಹೋಗಬೇಕೆಂದುಕೊಂಡಿತು. ಅಂದುಕೊಂಡಿತು ಎನ್ನುತ್ತೇನೆ, ಏಕೆಂದರೆ ಅದರ ಕಾಲು ಇನ್ನೂ ಅಲ್ಲಾಡಿರಲಿಲ್ಲ. ಹೆಗಲ ಮೇಲಿನ ಚರ್ಮ ಮಾತ್ರ ಒಮ್ಮೆ ನಡುಗಿತು. ಅಷ್ಟರಲ್ಲೇ ದೊಡ್ಡಮ್ಮ ಅರ್ಧ ಹೆಜ್ಜೆ ಎಡಕ್ಕೆ ವಾಲಿದ್ದಳು. ಅದು ಬಲಕ್ಕೆ ಯೋಚಿಸಿತು, ಇವಳು ಆಗಲೇ ಬಲದಲ್ಲಿದ್ದಳು. ಹೀಗೆ ಹೆಜ್ಜೆ, ನಿಲುಗಡೆ. ಹೆಜ್ಜೆ, ನಿಲುಗಡೆ. ಪ್ರತಿ ಹೆಜ್ಜೆಗೂ ಆ ದೊಡ್ಡ ಬಯಲು ಯಾರೋ ಚಾಪೆ ಸುತ್ತುತ್ತಿರುವ ಹಾಗೆ ಚಿಕ್ಕದಾಗುತ್ತ ಬಂತು. ನನ್ನ ಪಕ್ಕದಲ್ಲಿದ್ದ ಶ್ರೀಧರ್ ಸೂಜಿ ಹಿಡಿದುಕೊಂಡೇ ಬಾಯಿ ಬಿಟ್ಟುಕೊಂಡು ಕೂತಿದ್ದ.

ಹತ್ತಡಿ ಉಳಿದಾಗ ಕಡಸು ತಲೆ ತಗ್ಗಿಸಿ ನುಗ್ಗಿತು. "ಅಮ್ಮಿ!" ಎಂದು ದೊಡ್ಡಪ್ಪ ಎದ್ದುಬಿಟ್ಟ. ಅದರ ಹಣೆ ದೊಡ್ಡಮ್ಮನ ತೊಡೆಗೆ ಬಡಿದ ಸದ್ದು ಬದುವಿನವರೆಗೂ ಕೇಳಿಸಿತು. ಅವಳು ಓಲಾಡಿದಳು, ಆದರೆ ಪಾದ ಎತ್ತಲಿಲ್ಲ. ನಿಂತಲ್ಲೇ ನಿಂತಳು. ಕಡಸು ಅವಳನ್ನು ನೋಡಿತು. ಆಮೇಲೆ ತಾನೇ ಎರಡು ಹೆಜ್ಜೆ ಹಿಂದಕ್ಕೆ ಹೋಯಿತು. ಹೊಡೆದದ್ದು ಅದು, ಹಿಂದೆ ಸರಿದದ್ದೂ ಅದೇ.

ಈಗ ಅದರ ಬೆನ್ನಿಗೆ ಕಲ್ಲು. ಆ ಮೂಲೆಯಲ್ಲಿ, ಮೆದೆಗೂ ಬೇಲಿಗೂ ನಡುವೆ, ಒಂದು ಸಂದು ಇತ್ತು. ಅದನ್ನು ಮಾತ್ರ ದೊಡ್ಡಮ್ಮ ಮುಚ್ಚಿರಲಿಲ್ಲ. ಅಯ್ಯೋ ಮರೆತಳು ಎಂದುಕೊಂಡೆ. ಕಡಸು ಆ ಸಂದನ್ನು ಕಂಡಿತು, ಹಾರಿತು. ಹಾರಿದ ಜಾಗದಲ್ಲಿ ದೊಡ್ಡಮ್ಮನ ಕೈ ಮೊದಲೇ ಕಾಯುತ್ತಿತ್ತು. ಹೆಬ್ಬೆರಳು, ತೋರುಬೆರಳು ಮೂಗಿನ ಎರಡು ಹೊಳ್ಳೆಗೆ ಸೇರಿದವು, ಇನ್ನೊಂದು ಕೈ ಕತ್ತನ್ನು ತಬ್ಬಿತು. ಮುನ್ನೂರು ಕೆಜಿಯ ಪ್ರಾಣಿ ಎರಡು ಬೆರಳಿನ ತುದಿಯಲ್ಲಿ ಅಲ್ಲಾಡದೆ ನಿಂತಿತು.

"ಬಾರಪ್ಪಾ ಶ್ರೀಧರಾ, ಚುಚ್ಚು," ಎಂದಳು. ಧ್ವನಿಯಲ್ಲಿ ಏದುಸಿರೂ ಇರಲಿಲ್ಲ.

ಆಮೇಲೆ ಜಗಲಿಯ ಮೇಲೆ ಕೂತು ತೊಡೆಗೆ ಹರಳೆಣ್ಣೆ ತಿಕ್ಕಿಕೊಳ್ಳುತ್ತಿದ್ದವಳ ಮುಂದೆ ನನ್ನ ಫೋನು ಹಿಡಿದೆ. ಕುಪ್ಪುಸ್ವಾಮಿ ಓಡಿಬಂದು ರಂಗಿಯನ್ನು ಒಗೆಯುವುದನ್ನು ತೋರಿಸಿದೆ.

"ಇವನ್ಯಾಕ್ಲಾ ಇಂಗೆ ಓಡ್ತಾನೆ? ಕೋಳಿ ಕಳ್ಳನಾ?"

"ಹಿಡಿಯೋಕೆ ದೊಡ್ಡಮ್ಮ."

"ಇಡಿಯೋದೇನ್ ಮಾ ದೊಡ್ಡ ಕೆಲ್ಸ? ಚಿಟಿಕೆ ವೊಡೆಯೋ ಅಷ್ಟೊತ್ತು. ಅದಕ್ಕೆ ಮುಂಚೆ ಇಡೀಬೇಕು ನಾಯ್ನಾ. ಅದರ ದಾರಿ ಇಡೀಬೇಕು. ಅದರ ಜೀವಕ್ಕೆ ಗೊತ್ತಾಗ್ಬೇಕು, ಇವಳು ಬತ್ತಾಳೆ, ನಿಲ್ಲಂಗಿಲ್ಲ ಅಂತ."

"ಮತ್ತೆ ಆ ಸಂದು? ಯಾಕೆ ಮುಚ್ಚಲಿಲ್ಲ?"

"ಎಲ್ಲಾ ಮುಚ್ಚಿದ್ರೆ ನನ್ ಮ್ಯಾಲೇ ಬೀಳ್ತದೆ ಕಣ್ಲಾ, ಬೇರೆ ಗತಿ ಇಲ್ದೆ. ಒಂದ್ ದಾರಿ ಬುಡ್ಬೇಕು. ತಪ್ಪಿಸ್ಕೊಂಡೇ ಅನ್ಕೊಂಡು ಅಲ್ಲಿಗೇ ಬತ್ತದೆ." ನಕ್ಕಳು. "ಒಂದೊಂದ್ ಕಿತ ಬರಲ್ಲ. ನಾನು ಆ ಕಡೆ ಕೈ ಆಕಿರ್ತೀನಿ, ಅದು ಈ ಕಡೆ ಓಗಿರ್ತದೆ. ಅವತ್ತು ಅದು ಗೆಲ್ತು. ಮರ್ಯಾದೆಯಾಗಿ ಒಪ್ಕೊಂಡು ಮತ್ತೆ ಮೊದಲಿಂದ ನಡೀಬೇಕು."

ಅಂಗಡಿಗೆ ಬಂದವನೇ ಎರಡು ದಿನದ ರಿಪೇರಿಯನ್ನೆಲ್ಲ ಕಿತ್ತೆಸೆದೆ. ಕುಪ್ಪುಸ್ವಾಮಿಯ ಕೈ ಗಿಡ್ಡ ಮಾಡಿದೆ. ವೇಗ ಮೊದಲಿದ್ದದ್ದಕ್ಕಿಂತಲೂ ಕಡಿಮೆ ಮಾಡಿದೆ. ನಡೆಯುವಾಗ ಒಂದು ಕಲ್ಲು ಬಿದ್ದರೆ ಜೀವ ಕಳೆಯುತ್ತದೆ, ಆದರೆ ಹೆಜ್ಜೆ ನಿಲ್ಲುವುದಿಲ್ಲ. ಸತತ ಎರಡು ಬಿದ್ದರೆ ಮಾತ್ರ ತಡೆಯುತ್ತದೆ. ಎದುರಾಳಿಗೆ ಒಂದು ಸಂದು ಬಿಟ್ಟೆ: ಮೇಲೆ ಹಾರಿ ಕುಪ್ಪುಸ್ವಾಮಿಯ ತಲೆ ದಾಟಿಹೋಗಬಹುದು. ಕುಪ್ಪುಸ್ವಾಮಿಗೆ ಎರಡು ಹಿಡಿತ ಕೊಟ್ಟೆ, ಒಂದು ನೆಲದ್ದು, ಒಂದು ಗಾಳಿಯದ್ದು. ಎದುರಾಳಿ ನಿಲ್ಲುತ್ತಾನೋ ಹಾರುತ್ತಾನೋ ಆಡುವವರು ಮೊದಲೇ ಊಹಿಸಬೇಕು. ಊಹೆ ತಪ್ಪಿದರೆ ಬರಿಗೈ ಚಾಚಿಕೊಂಡು ಒಂದಿಡೀ ಸೆಕೆಂಡು ನಿಂತು ಏಟು ತಿನ್ನಬೇಕು. ಸರಿಯಾದರೆ ಒಂದೇ ಒಗೆತಕ್ಕೆ ಎದುರಾಳಿಯ ಅರ್ಧ ಜೀವ.

ಸುಮಿತಾಳಿಗೆ ಫೋನು ಮಾಡಿ ದೊಡ್ಡಮ್ಮನ ಕಥೆ ಹೇಳಿದೆ. "ಹೆಜ್ಜೆ ಸದ್ದು ನಾನ್ ಕಳಿಸ್ತೀನಿ," ಎಂದಳು.

ಶುಕ್ರವಾರ ಕಳಿಸಿದಳು. ತಾತನ ಗಣಿ ಬೂಟು ಮನೆಯ ಟ್ರಂಕಿನಲ್ಲಿತ್ತಂತೆ. ತಾನೇ ಹಾಕಿಕೊಂಡು, ತಾತನ ಹಾಗೆ ಬಲಗಾಲು ಒಂಚೂರು ಎಳೆಯುತ್ತ, ಗಣಿ ಕೆಲಸದವರ ಲೈನು ಮನೆಯ ನೆಲದ ಮೇಲೆ ನಡೆದು ರೆಕಾರ್ಡ್ ಮಾಡಿದ್ದಳು. ಒಂದು ಹೆಜ್ಜೆ ಧಡ್ ಎಂದು, ಇನ್ನೊಂದು ತಡವಾಗಿ, ಉಜ್ಜಿಕೊಂಡು. ಮೊದಲನೆಯದು ಕೇಳಿದ ಮೇಲೆ ಎರಡನೆಯದಕ್ಕೆ ಉಸಿರು ಹಿಡಿದು ಕಾಯಬೇಕಾಗುತ್ತಿತ್ತು. ಕೊನೆಯಲ್ಲಿ ಅಡುಗೆಮನೆಯಿಂದ ಪಾಟಿಯ ಧ್ವನಿಯೂ ಬಿದ್ದಿತ್ತು: "ವಂದುಟ್ಟೀಂಗ್ಳಾ?" ಬಂದ್ರಾ ಎಂದು. ಆ ಭಾಗವನ್ನು ಕತ್ತರಿಸಿ, ಅಳಿಸಲು ಮನಸ್ಸಾಗದೆ ಬೇರೆ ಇಟ್ಟೆ.

ಭಾನುವಾರ ಮಧ್ಯಾಹ್ನ. ಅಂಗಡಿಯಲ್ಲಿ ಟಿವಿ, ಎರಡು ರಿಮೋಟು, ಏಳೆಂಟು ಜನ. ಸುಮಿತಾ ಮೂಲೆಯಲ್ಲಿ ಉಗುರು ಕಚ್ಚುತ್ತ ನಿಂತಿದ್ದಳು. ಕುಪ್ಪುಸ್ವಾಮಿಯನ್ನು ತೆಗೆದುಕೊಂಡವರು ಇಬ್ಬರು. ಇಬ್ಬರೂ ವೆಂಕಿಯ ರಂಗಿಯ ಕೈಲಿ ಸೋತರು, "ಚೆನ್ನಾಗೈತೆ, ಆದ್ರೆ ಕಷ್ಟ," ಎಂದು ಎದ್ದು, ಮುಂದಿನ ಸರದಿಯಲ್ಲಿ ದೊಣ್ಣೆಯವನನ್ನು ಹಿಡಿದರು. ಗಂಟೆ ನಾಲ್ಕಾಯಿತು. ಜನ ಕರಗಿದರು. ವೆಂಕಿ ಸುಮಿತಾಳ ಕಡೆ ನೋಡದೆ ತನ್ನ ರಿಮೋಟಿನ ವೈರು ಸರಿಮಾಡುತ್ತ ಕೂತ.

ಅಷ್ಟು ಹೊತ್ತಿಗೆ ಪುಷ್ಪಕ್ಕ ಬಂದರು. ಟೊಮೆಟೊ ಮಂಡಿಯಲ್ಲಿ ಹಣ್ಣು ಆರಿಸುವ ಕೆಲಸ. ಸೊಂಟಕ್ಕೆ ಸೆರಗು ಸಿಕ್ಕಿಸಿ ಬಂದರೆ ಅಂಗಡಿಯೇ ಸಣ್ಣದಾಗುತ್ತದೆ. ಒಡೆದ ಫೋನು ಮೇಜಿನ ಮೇಲಿಟ್ಟು, "ಎಷ್ಟೊತ್ತಪ್ಪಾ?" ಎಂದರು.

"ಅರ್ಧ ಗಂಟೆ ಅಕ್ಕಾ. ಕೂತ್ಕೊಳ್ಳಿ, ಒಂದಾಟ ಆಡಿ."

"ನಂಗೆಲ್ಲಿ ಬತ್ತದೆ ಇದೆಲ್ಲ," ಎನ್ನುತ್ತಲೇ ರಿಮೋಟು ಹಿಡಿದರು. ಮೊದಲು ಕಂಡವನೇ ಕುಪ್ಪುಸ್ವಾಮಿ, ಅವನನ್ನೇ ಒತ್ತಿದರು. ಯಾವ ಗುಂಡಿ ಏನು ಎಂದು ಎರಡು ನಿಮಿಷ ಹೇಳಿಕೊಟ್ಟೆ. ವೆಂಕಿಯ ರಂಗಿಯ ಎದುರು ಆಟ ಶುರುವಾಯಿತು. ಅವರು ಮುಂದೆ ನಡೆಯುವ ಗುಂಡಿ ಒಂದನ್ನು ಬಿಟ್ಟು ಬೇರೇನೂ ಮುಟ್ಟಲಿಲ್ಲ. ಧಡ್... ಸರ್. ಧಡ್... ಸರ್. ರಂಗಿ ಕಲ್ಲು ಬೀಸಿದಳು, ಕುಪ್ಪುಸ್ವಾಮಿ ನಡೆದ. ಗೋಡೆಯ ತನಕ ನಡೆದು ಕೈ ಚಾಚಿದ, ರಂಗಿ ತಲೆಯ ಮೇಲೆ ಹಾರಿ ಆಚೆ ಇಳಿದು ಹಿಂದಿನಿಂದ ಹೊಡೆದಳು. ಪುಷ್ಪಕ್ಕ ಸೋತರು.

"ಥೂ ನಿನ್ನ, ಕಪ್ಪೆ ಅಂಗ್ ಆರ್ತೀಯಲ್ಲೋ!"

ವೆಂಕಿ ನಕ್ಕು ರಿಮೋಟಿಗೆ ಕೈ ಚಾಚಿದ. ಪುಷ್ಪಕ್ಕ ಕೊಡಲಿಲ್ಲ. "ಇನ್ನೊಂದು."

ಸುಮಿತಾಳ ಮುಖ ನೋಡಿದೆ. ಅವಳು ಸುಮ್ಮನಿರಬಹುದಿತ್ತು. ಆದರೆ ಮೋಸದಿಂದ ತಾತನನ್ನು ಉಳಿಸಿಕೊಳ್ಳುವ ಹುಡುಗಿ ಅಲ್ಲ ಅದು. "ಅಕ್ಕಾ, ಬೇರೆಯವ್ರೂ ಇದಾರೆ, ನೋಡಿ. ಸುಲಭದವ್ರು. ಈ ಗುಂಡಿ ಒತ್ತಿದ್ರೆ ಬದಲಾಗ್ತಾರೆ," ಎಂದಳು.

ಪುಷ್ಪಕ್ಕ ಒತ್ತಿದರು. ದೊಣ್ಣೆಯವನು ಬಂದ. ಒದೆಯುವವನು ಬಂದ. ರಂಗಿ ಬಂದಳು, ಅಲ್ಲಿ ಬೆರಳು ನಿಂತಿತು. ಟೊಮೆಟೊ ಆರಿಸುವ ಕಣ್ಣಿನಿಂದ ಒಬ್ಬೊಬ್ಬರನ್ನೂ ತಿರುವಿ ನೋಡಿದರು. ಆಮೇಲೆ ಗುಂಡಿ ಒತ್ತುತ್ತ, ಒತ್ತುತ್ತ, ಕುಪ್ಪುಸ್ವಾಮಿಯವರೆಗೆ ವಾಪಸು ಬಂದರು.

"ಈ ಅಯ್ಯನೇ ಇರ್ಲಿ. ಇವನು ಬತ್ತಾ ಇದ್ರೆ ಈ ಹೈದನ ಮುಖ ನೋಡ್ಬೇಕಿತ್ತು ನೀವು. ಗೆದ್ದ ಸರಿ, ಬೆವತೋಗವ್ನೆ!"

ನಿಜ. ವೆಂಕಿಯ ಮೂಗಿನ ಮೇಲೆ ಬೆವರಿತ್ತು. ಸುಮಿತಾ ಗೋಡೆಗೆ ಒರಗಿ, ಎರಡು ಕೈಯಿಂದಲೂ ಬಾಯಿ ಮುಚ್ಚಿಕೊಂಡಳು.

ಎರಡನೇ ಆಟ. ಧಡ್... ಸರ್. ಈ ಸಲ ಪುಷ್ಪಕ್ಕ ನಾಲ್ಕು ಹೆಜ್ಜೆ ನಡೆದು ನಿಂತರು. ಯಾರೂ ಹೇಳಿಕೊಟ್ಟಿರಲಿಲ್ಲ. ನಿಂತು, ನೋಡಿ, ಮತ್ತೆ ಒಂದು ಹೆಜ್ಜೆ. ರಂಗಿಯ ಕೈಯಲ್ಲಿ ಕಲ್ಲಿತ್ತು. ಬೀಸಬಹುದಿತ್ತು. ಇಡೀ ಊರಿನಲ್ಲೇ ಚುರುಕಾದ ಆ ಹೆಬ್ಬೆರಳು ಬೀಸುವ ಗುಂಡಿಯನ್ನು ಬಿಟ್ಟು, ಹಿಂದೆ ಸರಿಯುವ ಗುಂಡಿಯ ಮೇಲೆ ಹೋಗಿ ಕೂತಿತು. ಅವನಿಗೇ ಗೊತ್ತಿಲ್ಲದೆ. ರಂಗಿ ಒಂದು ಹೆಜ್ಜೆ ಹಿಂದೆ, ಇನ್ನೊಂದು ಹೆಜ್ಜೆ ಹಿಂದೆ. ವೆಂಕಿ ಕೂತಿದ್ದ ಪ್ಲಾಸ್ಟಿಕ್ ಕುರ್ಚಿಯೂ ಕಿರ್ ಎಂದು ಅರ್ಧ ಅಡಿ ಹಿಂದಕ್ಕೆ ಹೋಯಿತು. ರಸ್ತೆಯಲ್ಲಿ ಹೋಗುತ್ತಿದ್ದವರಿಬ್ಬರು ಬಾಗಿಲಲ್ಲಿ ನಿಂತು ನೋಡಿದರು. ನಾನೇ ಬರೆದ ಅಂಕಿಗಳು ಅವು, ನಾನೇ ಕೂರಿಸಿದ ಹೆಜ್ಜೆ. ಆದರೂ ಅಲ್ಲಿ ನಡೆಯುತ್ತಿದ್ದದ್ದು ನಾನು ಮಾಡಿದ್ದು ಅನ್ನಿಸಲಿಲ್ಲ. ಯಾರೋ ನಿಜವಾಗಿ ಬರುತ್ತಿದ್ದರು.

ಗೋಡೆ ಬಂತು. ರಂಗಿ ಹಾರಿದಳು. ಪುಷ್ಪಕ್ಕ ಗಾಳಿಯ ಹಿಡಿತ ಒತ್ತಿ ಆಗಲೇ ಕಾಯುತ್ತಿದ್ದರು. ಮೊರದಂಥ ಅಂಗೈ ರಂಗಿಯ ಕಾಲನ್ನು ಗಾಳಿಯಲ್ಲೇ ಹಿಡಿದು, ಸೈನೈಡ್ ಗುಡ್ಡ ಅದುರುವ ಹಾಗೆ ನೆಲಕ್ಕೆ ಇಳಿಸಿತು.

ಬಾಗಿಲಲ್ಲಿದ್ದವರು ಕೂಗಿದರು. ಸುಮಿತಾ ಕೂಗಲಿಲ್ಲ, ಫೋನು ತೆಗೆದು ಹೊರಗೆ ಹೋದಳು. "ಪಾಟಿ... ಪಾಟಿ, ಕೇಕ್ಕುದಾ?" ಕೇಳಿಸ್ತಿದೆಯಾ ಎನ್ನುವುದಷ್ಟೇ ನನ್ನ ಕಿವಿಗೆ ಬಿತ್ತು, ಆಮೇಲೆ ರೈಲಿನ ಸದ್ದು ಬಂತು.

ವೆಂಕಿ ಬೆವರೊರೆಸಿಕೊಂಡ. "ಇರ್ಲಿ ಚಲಪತಣ್ಣ. ಏಳೇ ಜನ. ಕಳ್ಸು." ಸ್ವಲ್ಪ ಹೊತ್ತು ಬಿಟ್ಟು ದೀನನಾಗಿ, "ಪುಷ್ಪಕ್ಕಾ, ಆ ತಾತನ್ನ ನಂಗೊಂದಾಟ ಕೊಡಿ," ಎಂದ.

"ಓಗಲಾ. ನನ್ ಫೋನು ರಿಪೇರಿ ಆಗೋಗಂಟ ಇವನು ನಂದು."

ಅವರ ಫೋನಿನ ಹೊಸ ಗಾಜು ಕೂರಿಸಿ, ಒರೆಸಿ, ಮೇಜಿನ ಒಳಗೆ ಇಟ್ಟಿದ್ದೆ. ಇನ್ನೂ ಒಂದರ್ಧ ಗಂಟೆ ಆಗುತ್ತೆ ಅಕ್ಕಾ ಎಂದೆ.